ಶುಗರ್ ನೋಡುವ ದಿನವೇ ಕಣ್ಣಿನ ಪಟವೂ ಆಗಲಿ

ಕುಕ್ಕುಂದೂರು ಜೋಡುರಸ್ತೆಯಲ್ಲಿ ಬಸ್ಸಿಗೆ ಕಾಯುವ ಹಿರಿಯರು ಬೋರ್ಡು ಓದಲಾಗದೆ ಪಕ್ಕದವರನ್ನು ಕೇಳುವುದುಂಟು: "ಇದು ಮಣಿಪಾಲಕ್ಕೆ ಹೋಗುವ ಬಸ್ಸಾ ಮಾರಾಯರೆ?" ಪ್ರಾಯವಾಯಿತು, ಪೊರೆ ಬಂದಿರಬೇಕು ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಎಲ್ಲವೂ ಪೊರೆಯಲ್ಲ. ಪೊರೆಯಾದರೆ ಆಪರೇಷನ್ನಿನಿಂದ ದೃಷ್ಟಿ ಮರಳೀತು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಯ ರಕ್ತನಾಳಗಳು ಕೆಟ್ಟಿದ್ದರೆ, ಹೋದ ದೃಷ್ಟಿ ಬಹುಪಾಲು ಹೋದದ್ದೇ.

ಈ ಕಾಯಿಲೆ ಕಳ್ಳನ ಹಾಗೆ ಬರುತ್ತದೆ. ನೋವಿಲ್ಲ, ಕೆಂಪಿಲ್ಲ, ಮೊದಮೊದಲು ಮಸುಕೂ ಇಲ್ಲ. ಅಂಗಡಿಯ ಲೆಕ್ಕದ ಪುಸ್ತಕ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಳಗೆ ಮಾತ್ರ ಎಳೆಯಂಥ ನಾಳಗಳು ಉಬ್ಬಿ, ಸೋರಿ, ಕಟ್ಟಿಕೊಳ್ಳುತ್ತಿರುತ್ತವೆ.

ಇದನ್ನು ಹಿಡಿಯುವ ಉಪಾಯ ಫೋಟೋ. ಕತ್ತಿ ತಾಗಿಸದೆ ದೇಹದ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ಜಾಗ ಕಣ್ಣು. ಕಣ್ಣಿನೊಳಗೆ ಇಣುಕುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ತಂದರು. ಈಗಿನ ಕ್ಯಾಮರಾ ಕೆಲವೇ ನಿಮಿಷಗಳಲ್ಲಿ ಒಳಪರದೆಯ ಪಟ ತೆಗೆದುಕೊಡುತ್ತದೆ. ಸಮಯಕ್ಕೆ ತಿಳಿದರೆ ಲೇಸರ್, ಇಂಜೆಕ್ಷನ್‌ಗಳಿಂದ ಇರುವ ದೃಷ್ಟಿ ಉಳಿಸಿಕೊಳ್ಳಬಹುದು.

ಇದಕ್ಕೆ ದೊಡ್ಡ ಡಾಕ್ಟರರೇ ಹಳ್ಳಿಗೆ ಬರಬೇಕೆಂದಿಲ್ಲ. ದಿನ ತುಂಬದೆ ಹುಟ್ಟಿದ ಶಿಶುಗಳಲ್ಲಿಯೂ ಈ ನಾಳಗಳು ದಾರಿ ತಪ್ಪಿ ಬೆಳೆದು ಕುರುಡು ತರುವುದುಂಟು. ಅಂಥ ಮಕ್ಕಳಿಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯವು ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ 'ಕಿಡ್ರಾಪ್' ಯೋಜನೆ ಆರಂಭಿಸಿತು. ತರಬೇತಾದ ತಂತ್ರಜ್ಞರು ಕ್ಯಾಮರಾ ಹಿಡಿದು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋದರು. ತಜ್ಞರು ದೂರದಲ್ಲೇ ಕುಳಿತು ಪಟ ನೋಡಿ ತೀರ್ಮಾನ ಹೇಳಿದರು.

ಕಂದಮ್ಮಗಳಿಗೆ ಆದದ್ದು ಅಜ್ಜ-ಅಜ್ಜಿಯರಿಗೆ ಏಕಾಗದು? 1953ರಿಂದ ವೈದ್ಯಕೀಯ ಕಾಲೇಜು ಇರುವ ಮಣಿಪಾಲ ನಮಗೆ ಒಂದೇ ಬಸ್ಸಿನ ದೂರ. ಆದರೆ ಕಣ್ಣು ಕಾಣುತ್ತಿರುವಾಗ ದಿನದ ವ್ಯಾಪಾರ ಬಿಟ್ಟು, ಸಂಬಳ ಬಿಟ್ಟು ಯಾರು ಹೊರಡುತ್ತಾರೆ? ಜನ ಕ್ಯಾಮರಾದ ಬಳಿ ಹೋಗದಿದ್ದರೆ ಕ್ಯಾಮರಾ ಜನರ ಬಳಿ ಬರಬೇಕು. ಊರಿನಲ್ಲಿ ಶುಗರ್, ಬಿಪಿ ನೋಡುವ ದಿನವೇ, ಅದೇ ಸಾಲಿನಲ್ಲಿ, ಕಣ್ಣಿನ ಪಟವೂ ಆಗಲಿ. ಪಟ ಮಣಿಪಾಲಕ್ಕೋ ಉಡುಪಿಗೋ ಹೋಗಲಿ. ತೊಂದರೆ ಇದ್ದವರು ಮಾತ್ರ ಹಿಂದೆ ಹೋದರೆ ಸಾಕು. ಆರೋಗ್ಯ ಇಲಾಖೆ, ಪಂಚಾಯತು, ವರ್ತಕರ ಸಂಘ ಕೂತು ಮಾತಾಡಿದರೆ ಇದು ಆಗದ ಕೆಲಸವೇನಲ್ಲ.

ಅಲ್ಲಿಯವರೆಗೆ ನಾವೂ ಕೈಕಟ್ಟಿ ಕೂರಬಾರದು. ಶುಗರ್ ಇದ್ದವರು ಕಣ್ಣು ಸರಿಯಿದೆ ಎನಿಸಿದರೂ ವರ್ಷಕ್ಕೊಮ್ಮೆ ಒಳಪರದೆ ತೋರಿಸಿ ಬರಲಿ. ಮಂಜಾದ ಮೇಲೆ ಹೊರಡುವುದಲ್ಲ; ಬೋರ್ಡು ಕಾಣುವಾಗಲೇ ಬಸ್ಸು ಹತ್ತಿ.