ನಡುವಿನ ಮನೆಯ ಲೆಕ್ಕ

ಮೊನ್ನೆ ಭಾನುವಾರ ಆಂಟಾಪ್ ಹಿಲ್ಲಿನ ಸರಕಾರಿ ವಸತಿಗೃಹದಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗಿದ್ದೆ. ಕಾಫಿಯ ಲೋಟ ಕೈಗೆ ಬರುವ ಮೊದಲೇ ಭಾವನವರ ಮಾತು ಆರಂಭವಾಯಿತು.

“ನೋಡಿ ಮಾರಾಯ್ರೇ, ಹಳ್ಳಿಯ ಮನೆಗಳ ಸರಾಸರಿ ವರಮಾನ 2016-17ರಲ್ಲಿ ತಿಂಗಳಿಗೆ 8,059 ರೂಪಾಯಿ ಇದ್ದದ್ದು 2021-22ಕ್ಕೆ 12,698 ಆಯಿತಂತೆ. ನಬಾರ್ಡಿನವರ ಸಮೀಕ್ಷೆಯೇ ಹೇಳುತ್ತದೆ. ಇನ್ನು ನಾನು ಅಕ್ಕನಿಗೆ ತಿಂಗಳು ತಿಂಗಳು ಹಣ ಕಳುಹಿಸುವುದೇಕೆ?”

ಅಕ್ಕನೆಂದರೆ ಕುಂದಾಪುರದ ಕಡೆಯ ಹಳ್ಳಿಯಲ್ಲಿ, ಇಬ್ಬರು ಮಕ್ಕಳೊಡನೆ ಇರುವ ಅವರ ವಿಧವೆ ಅಕ್ಕ. ಅಡಿಗೆಮನೆಯಿಂದ ತಂಗಿ ಕೇಳಿದಳು: “ಅತ್ತಿಗೆಯ ಮನೆಗೆ ಆ ಹನ್ನೆರಡು ಸಾವಿರ ಬಂದದ್ದನ್ನು ಕಂಡವರಾರು?”

ವಾಚಕರೇ, ಈ ಸಲದ ಅಂಕಣವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ಒಂದು ಕೇರಿಯಲ್ಲಿ ಏಳು ಮನೆಗಳಿವೆ ಎಂದುಕೊಳ್ಳೋಣ. ಆರು ಮನೆಗಳ ವರಮಾನ ಕ್ರಮವಾಗಿ 5, 6, 7, 8, 9, 10 ಸಾವಿರ. ಏಳನೆಯದು ಗೋಡಂಬಿ ಕಾರ್ಖಾನೆಯ ಧಣಿಗಳ ಮನೆ, ಅಲ್ಲಿ 95 ಸಾವಿರ. ಒಟ್ಟು ಒಂದು ಲಕ್ಷ ನಲವತ್ತು ಸಾವಿರ, ಸರಾಸರಿ 20 ಸಾವಿರ! ಆದರೆ ಆರು ಮನೆಯವರು ಅದರ ಅರ್ಧವನ್ನು ಮೀರಿ ಕಂಡವರಲ್ಲ. ಮನೆಗಳನ್ನು ಬಡತನದಿಂದ ಸಿರಿತನಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದರೆ ಸಿಗುವುದು ನಾಲ್ಕನೆಯ ಮನೆ, ಅಲ್ಲಿ 8 ಸಾವಿರ. ಇದಕ್ಕೆ ಮಧ್ಯಾಂಕವೆಂದು ಹೆಸರು. ಊರಿನ ಸಾಧಾರಣ ಮನೆಯ ಸ್ಥಿತಿಯನ್ನು ಹೇಳುವುದು ಇದೇ ಹೊರತು ಸರಾಸರಿಯಲ್ಲ.

ಪ್ರತಿ ಮನೆಯ ಲೆಕ್ಕ ಸಿಗದಿದ್ದರೂ ನಡುವಿನ ಮನೆಯನ್ನು ಅಂದಾಜು ಮಾಡಬಹುದು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ, ಹಳ್ಳಿಯ ಮನೆಗಳ ಪೈಕಿ ಸುಮಾರು ಮುಕ್ಕಾಲು ಪಾಲು ಮನೆಗಳಲ್ಲಿ ಅತಿ ಹೆಚ್ಚು ಗಳಿಸುವವನ ಸಂಪಾದನೆಯೇ ತಿಂಗಳಿಗೆ 5 ಸಾವಿರಕ್ಕಿಂತ ಕಡಮೆ ಎಂದು ಕಂಡುಬಂತು. ಮುಕ್ಕಾಲು ಪಾಲು ಐದು ಸಾವಿರದ ಕೆಳಗಿದ್ದ ಮೇಲೆ ಸಾಲಿನ ನಡುವೆ ನಿಂತವನು ಮೇಲಿರುವುದೆಂತು?

ಇನ್ನು ಅಂದಿಗೂ ಇಂದಿಗೂ ಹೋಲಿಸುವ ಮಾತು. ಇಲ್ಲಿ ಎಡವುವವರೇ ಹೆಚ್ಚು. ರೂಪಾಯಿ ಏರಿದಷ್ಟು ಅನ್ನ ಏರುವುದಿಲ್ಲ. ಭಾವನವರ ಅಂಕಿ ಐದು ವರ್ಷದಲ್ಲಿ ನೂರಕ್ಕೆ 57ರಷ್ಟು ಏರಿತು ನಿಜ, ಆದರೆ ಅಕ್ಕಿ, ಎಣ್ಣೆ, ಔಷಧಿಗಳ ಬೆಲೆಯೇನು ಸುಮ್ಮನಿತ್ತೆ? ಅದನ್ನು ಕಳೆಯದೆ ಏರಿಕೆ ಎನ್ನಲಾಗದು.

ಎರಡನೆಯದು, ಮನೆಯ ಅಕ್ಕಿಯ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಹಿಂದೆ ಗೇಣಿಯವರು ಬೆಳೆದ ಅಕ್ಕಿ ಮುಡಿಗಟ್ಟಲೆ ಧಣಿಗಳ ಮನೆ ಸೇರುತ್ತಿತ್ತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಒಕ್ಕಲುಗಳಿಗೆ ಆ ಮುಡಿ ಮನೆಯಲ್ಲೇ ಉಳಿಯಿತು. ಕೈಗೆ ಬಂದ ನಗದು ಅಷ್ಟೇ ಇದ್ದರೂ ವರಮಾನ ಏರಿದ ಹಾಗೆಯೇ ಆಯಿತಲ್ಲವೆ?

ಮೂರನೆಯದು, ಮನೆ ಒಡೆಯುವ ಲೆಕ್ಕ. 24 ಸಾವಿರ ವರಮಾನದ ಕೂಡುಕುಟುಂಬ ಪಾಲಾಗಿ ಎಂಟೆಂಟು ಸಾವಿರದ ಮೂರು ಮನೆಯಾದರೆ ಯಾರೂ ಬಡವರಾಗಲಿಲ್ಲ, ಆದರೂ ನಡುವಿನ ಮನೆಯ ಅಂಕಿ ಇಳಿಯಬಹುದು. ಆದುದರಿಂದ ಒಂದು ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂಬುದನ್ನೂ ಜೊತೆಗೇ ಕೇಳಬೇಕು.

ನಾಲ್ಕನೆಯದು ನಮಗೇ ಸಂಬಂಧಪಟ್ಟದ್ದು: ಮುಂಬಯಿಯ ಹಣ. ಜಿಲ್ಲೆಯ ಉತ್ಪನ್ನದ ಲೆಕ್ಕದಲ್ಲಿ ಬರುವುದು ಜಿಲ್ಲೆಯೊಳಗೆ ಉತ್ಪಾದಿಸಿದ್ದು ಮಾತ್ರ. ಇಲ್ಲಿನ ಹೋಟೆಲು, ಕಚೇರಿಗಳಲ್ಲಿ ದುಡಿದು ನಾವು ಕಳುಹಿಸುವುದು ಅದರಲ್ಲಿಲ್ಲ. ಅಕ್ಕನ ಮನೆಯ ಜಮೆಯಲ್ಲಿಯೋ ಅದು ಇದ್ದೇ ಇದೆ.

ಇಷ್ಟಕ್ಕೂ ವರಮಾನವನ್ನು ಬಾಯಿಬಿಟ್ಟು ಹೇಳುವವರಾರು? 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆ ದಶಕದಲ್ಲೂ ಮುಂದಿನ ದಶಕದಲ್ಲೂ ಕೇಳಿ ನೋಡಿದರು. ಜನ ಹೇಳಿದ ವರಮಾನ, ಅವರ ಖರ್ಚು ಮತ್ತು ಉಳಿತಾಯಗಳ ಮೊತ್ತಕ್ಕಿಂತ ಕಡಮೆಯಾಯಿತು! ಆಮೇಲೆ ಖರ್ಚನ್ನು ಕೇಳುವುದೇ ವಾಡಿಕೆಯಾಯಿತು. ದೇಶದ ಮನೆಮನೆಯ ವರಮಾನಕ್ಕೆಂದೇ 2026ರಲ್ಲಿ ಸಮೀಕ್ಷೆ ನಡೆಸುವುದಾಗಿ ಕೇಂದ್ರ ಸರಕಾರ ಪ್ರಕಟಿಸಿದ್ದು 2025ರಲ್ಲಿ.

ಇದನ್ನೆಲ್ಲ ಕೇಳಿದ ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಊರಿಗೆ ಫೋನು ಮಾಡಿದರು. ವರಮಾನವೆಷ್ಟೆಂದು ಕೇಳಲಿಲ್ಲ. ಈ ಸಲ ಅಕ್ಕಿ ಯಾವ ತಿಂಗಳವರೆಗೆ ಬಂದೀತು, ಮಕ್ಕಳ ಫೀಸು ಕಟ್ಟಿ ಆಯಿತೆ, ಅಂಗಡಿಯ ಸಾಲವೆಷ್ಟು ಎಂದು ಕೇಳಿದರು. ಅಕ್ಕ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಫೋನು ಇಟ್ಟವರು ತಂಗಿಯತ್ತ ತಿರುಗಿ, “ಈ ತಿಂಗಳು ಐನೂರು ಹೆಚ್ಚಿಗೆ ಕಳುಹಿಸುವ” ಎಂದರು.

ಮೇ ರಜೆಯಲ್ಲಿ ಊರಿಗೆ ಹೋಗುವ ವಾಚಕರು ತಮ್ಮ ಕೇರಿಯ ನಡುವಿನ ಮನೆಯನ್ನು ಒಮ್ಮೆ ಹುಡುಕಿ ನೋಡಬೇಕು. ಹೊಸ ತಾರಸಿ ಮನೆಯ ಎದುರು ನಿಂತು ಊರು ಉದ್ಧಾರವಾಯಿತೆಂದು ಹೇಳುವುದು ಸುಲಭ. ಅದರ ಹಿಂದಿನ ಹಂಚಿನ ಮನೆಗೂ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.