ಯಾರ ಪೇಟೆ, ಯಾರ ಮಾಲು?

ಪೇಟೆ ಬೀದಿ ಸಾಯ್ತಿದೆ, ಮಾಲುಗಳು ನುಂಗ್ತಿವೆ ಅಂತ ಮಹನೀಯರು ಕಣ್ಣೀರು ಹಾಕ್ತಿದ್ದಾರೆ. ಯಾರ ಪೇಟೆ ಸ್ವಾಮಿ ಅದು? ನಮ್ಮ ಅಜ್ಜಂದಿರನ್ನು ಆ ಅಂಗಡಿ ಕಟ್ಟೆ ಹತ್ತಲು ಬಿಟ್ಟಿರಲಿಲ್ಲ. ದುಡ್ಡು ನೆಲಕ್ಕಿಡಬೇಕು, ಸಾಮಾನು ಮೇಲಿಂದ ಬೀಳಬೇಕು. ಹೋಟೆಲಿನಲ್ಲಿ ಲೋಟ ಬೇರೆ. (ಎಷ್ಟೋ ಊರಲ್ಲಿ ಇವತ್ತಿಗೂ ಬೇರೆಯೇ.)

ಹಾಗಾದರೆ ಮಾಲು ನಮ್ಮದೇ? ಅಲ್ಲಿ ಜಾತಿ ಕೇಳೋರಿಲ್ಲ ಎಂದು ನಮ್ಮ ಓದಿದ ಹುಡುಗರೇ ಹೇಳ್ತಾರೆ. ಕೇಳೋದಿಲ್ಲ, ನಿಜ. ನೋಡ್ತಾರೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಮಗನ ಜೊತೆ ಸಿನಿಮಾಕ್ಕೆ ಬಂದ ಹಾವೇರಿ ಕಡೆಯ ಮುದಿ ರೈತನನ್ನು, ಪಂಚೆ ಉಟ್ಟಿದ್ದಾನೆಂದು ಬಾಗಿಲಲ್ಲೇ ತಡೆದರು. ನಾಡು ಎದ್ದಿತು, 7 ದಿನ ಮಾಲು ಮುಚ್ಚಿಸುತ್ತೇವೆಂದು ಸರ್ಕಾರ ಸದನದಲ್ಲೇ ಹೇಳಿತು. ಸಂತೋಷ.

ಆದರೆ 2013ರ ಜನವರಿ ಚಳಿಯಲ್ಲಿ ಈಜಿಪುರದ ತಗಡಿನ ಮನೆಗಳ ಮೇಲೆ ಪಾಲಿಕೆ ಜೆಸಿಬಿ ಹರಿಸಿದಾಗ ಈ ನಾಡು ಎಲ್ಲಿ ಮಲಗಿತ್ತು? ಕೂಲಿಗಳು, ಮನೆಗೆಲಸದ ಹೆಂಗಸರು, ದಲಿತರು, ಮುಸ್ಲಿಮರು, ಸಾವಿರಕ್ಕೂ ಮೀರಿದ ಕುಟುಂಬಗಳು ಬೀದಿಗೆ ಬಿದ್ದವು. ಬಡವರ ವಸತಿಗೆಂದಿದ್ದ ಆ ಜಾಗದ ಒಂದು ಪಾಲಿನಲ್ಲಿ ಮಾಲು ಕಟ್ಟಲು ಕಂಪನಿಯೊಡನೆ ಒಪ್ಪಂದವಾಗಿತ್ತು. ಒಳಗೆ ಬಿಡದಿರುವುದು ಆಮೇಲಿನ ಮಾತು. ಮೊದಲು ನಮ್ಮ ಮನೆಯ ಮೇಲೇ ಪಾಯ ತೋಡುತ್ತಾರೆ.

ನಮಗಿರೋದು ಸಂತೆ, ತಳ್ಳುಗಾಡಿ, ಫುಟ್‌ಪಾತು. ನಮ್ಮವ್ವ ಕೊಳ್ಳೋಳಾಗಿ ಅಲ್ಲ, ಮಾರೋಳಾಗಿ ಕೂತದ್ದು ಅಲ್ಲೇ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣದ ಸಮಿತಿಯಲ್ಲಿ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು. ಮೇಷ್ಟ್ರೇ, ಇದನ್ನು ಸಂತೆ ದಿನ ಗಟ್ಟಿಯಾಗಿ ಓದಿ ಹೇಳಿ. ತಕ್ಕಡಿ ಕಿತ್ತುಕೊಳ್ಳಲು ಬಂದ ಪೊಲೀಸನಿಗೂ ಕೇಳಿಸಲಿ.