ಮನೆಯ ಗಣಕಯಂತ್ರ ಮತ್ತು ಬೀಗದ ಕೈ

ಭೋರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬದಲ್ಲಿ ಗಣಕಯಂತ್ರ ಒಂದೇ ಇದ್ದರೂ ಅದನ್ನು ಮುಟ್ಟುವ ಕೈಗಳು ಹಲವು. ಯಜಮಾನರಿಗೆ ಬ್ಯಾಂಕಿನ ವ್ಯವಹಾರ, ಮಕ್ಕಳಿಗೆ ಮರಾಠಿ ಶಾಲೆಯ ಪಾಠ, ಅಜ್ಜಿಗೆ ಕನ್ನಡದ ಹಾಡು. ಇವರೆಲ್ಲರಿಗೂ ಒಂದೇ ಖಾತೆ ಸಾಕೆ? ಸಾಲದೆಂದೇ ನಮ್ಮ ಅಭಿಪ್ರಾಯ.

ವಿಂಡೋಸ್ ಯಂತ್ರವನ್ನು ಹೊಸದಾಗಿ ಅಣಿಗೊಳಿಸುವಾಗ ಮೊದಲು ತೆರೆಯುವ ಖಾತೆಗೆ ‘ಅಡ್ಮಿನಿಸ್ಟ್ರೇಟರ್’ ಅಧಿಕಾರವಿರುತ್ತದೆ. ಬೇಕಾದ ತಂತ್ರಾಂಶವನ್ನು ಸೇರಿಸುವ, ಇತರರ ಕಡತಗಳನ್ನೂ ತೆರೆಯುವ ಅಧಿಕಾರವದು. ಅಲ್ಲಿ ಕುಳಿತ ಮಗು ಯಾವುದೋ ಆಟಕ್ಕೆಂದು ‘ಹೌದು’ ಒತ್ತಿದರೆ, ಆಟದ ವೇಷದಲ್ಲಿ ಬಂದ ವೈರಸ್ಸಿಗೂ ಅದೇ ಅಧಿಕಾರ ದೊರೆಯುತ್ತದೆ. ಆದುದರಿಂದ ಆ ಖಾತೆಯನ್ನು ತಿಜೋರಿಯ ಬೀಗದ ಕೈಯಂತೆ ಎತ್ತಿಟ್ಟು, ದಿನಬಳಕೆಗೆ ಪ್ರತಿಯೊಬ್ಬರಿಗೂ, ಯಜಮಾನರಿಗೂ ಸಹ, ಬೇರೆ ಬೇರೆ ‘ಸ್ಟ್ಯಾಂಡರ್ಡ್’ ಖಾತೆ ತೆರೆಯುವುದು ಲೇಸು. ತಂತ್ರಾಂಶ ಸೇರಿಸಬೇಕಾದಾಗ ಯಂತ್ರವೇ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಕೇಳುತ್ತದೆ.

ಇನ್ನೊಂದು ಲಾಭವೂ ಉಂಟು. ಕೀಲಿಮಣೆಯ ಭಾಷೆಯನ್ನು ಅವರವರ ಖಾತೆಯಲ್ಲಿ ಬೇಕಾದಂತೆ ಇಟ್ಟುಕೊಳ್ಳಬಹುದು. ಮಕ್ಕಳ ಖಾತೆಯಲ್ಲಿ ಮರಾಠಿಯ ಜೊತೆಗೆ ಕನ್ನಡವನ್ನೂ ಸೇರಿಸಿಡಿ. ಅಜ್ಜಿಗೆ ಕಾಗದ ಬರೆಯುವ ಅಭ್ಯಾಸವಾದೀತು.

ಆದರೆ ಆ ದೊಡ್ಡ ಪಾಸ್‌ವರ್ಡ್ ಒಬ್ಬರ ತಲೆಯಲ್ಲೇ ಉಳಿಯಬಾರದು. ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಮನೆಪತ್ರಗಳ ಜೊತೆ ಕಪಾಟಿನಲ್ಲಿಡಿ. ಮನೆಯಾಕೆಗೆ ಅದು ತಿಳಿದಿರಲೇಬೇಕು. ಯಜಮಾನರು ಆಸ್ಪತ್ರೆ ಸೇರಿದ ದಿನವೇ ವಿಮೆಯ ಕಾಗದ ಬೇಕಾಗುವುದಲ್ಲವೆ?